ಗೆದ್ದ ಹುಡುಗಿ ಮುಂದೆ ಏನಾದಳು

ಒಂದು ಕಾರ್ಟೂನಿನ ಸಲುವಾಗಿ ನಾನೂ ನನ್ನ ಗೆಳತಿಯೂ ಇಡೀ ಒಂದು ಬೇಸಿಗೆ ಮಾತು ಬಿಟ್ಟಿದ್ದೆವು ಎಂದರೆ ನನ್ನ ಜೊತೆ ಕೆಲಸ ಮಾಡುವವರು ನಗುತ್ತಾರೆ. ನಾನು ಚಿಂಚೋಳಿಯ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದೇನೆ. ಗೆಳತಿ ಸೇಡಂನಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ಇಬ್ಬರಿಗೂ ನಲವತ್ತು ಹತ್ತಿರ ಬಂದಿದೆ. ಇಂಥ ವಯಸ್ಸಿನವರು ಜಗಳವಾಡಲು ಹೊಲ, ಮನೆ, ಸಂಬಂಧ ಅಂತ ಬೇಕಾದಷ್ಟು ವಿಷಯಗಳಿವೆ. ನಮಗೆ ಸಿಕ್ಕಿದ್ದು ಇದು.

ಇಬ್ಬರೂ ಶಹಾಬಾದಿನ ಒಂದೇ ಓಣಿಯಲ್ಲಿ ಬೆಳೆದವರು. ಅವಳ ತಂದೆಗೆ ಬಟ್ಟೆ ಅಂಗಡಿ ಇತ್ತು, ಮನೆಯಲ್ಲಿ ಕೇಬಲ್ ಇದ್ದ ಟಿವಿ ಇತ್ತು. ನಮ್ಮದು ಹೊಳೆಯ ದಂಡೆಯ ಮನೆತನ. ಅಜ್ಜನ ಕಾಲಕ್ಕೆ ಹೊಳೆ ಬಿಟ್ಟು ಕಲ್ಲಿನ ಕೆಲಸಕ್ಕೆ ಬಂದವರು. ಶಾಲೆ ಬಿಟ್ಟ ಕೂಡಲೇ ನಾನು ಅವಳ ಮನೆಗೆ ಓಡುತ್ತಿದ್ದೆ. ತಣ್ಣನೆಯ ಪರಸಿ ಕಲ್ಲಿನ ನೆಲದ ಮೇಲೆ ಇಬ್ಬರೂ ಬೋರಲು ಮಲಗಿ, ಅವಳ ತಾಯಿ ಕೊಟ್ಟ ಚುರುಮುರಿ ಸುಸಲಾ ತಿನ್ನುತ್ತಾ ಆ ಕಾರ್ಟೂನು ನೋಡುತ್ತಿದ್ದೆವು. ಜಪಾನಿನಲ್ಲಿ ಮಾಡಿದ್ದು, ಹಿಂದಿಯಲ್ಲಿ ಮಾತಾಡಿಸಿದ್ದು. ಓಣಿಯ ಅರ್ಧ ಜನ ಉರ್ದು ಆಡುತ್ತಿದ್ದರಿಂದ ನಮಗೆ ಹಿಂದಿ ಒಂದು ತೊಡಕೇ ಆಗಿರಲಿಲ್ಲ. ಅದಕ್ಕೆ ಅನಿಮೆ ಅನ್ನಬೇಕೆಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ದೊಡ್ಡವರು ಅದನ್ನು ದೋಣಿ ಕಾರ್ಟೂನು ಅಂತಿದ್ದರು, ನಾವೂ ಹಾಗೇ ಅಂತಿದ್ದೆವು.

ಕಥೆ ಸರಳ. ಕಡಲ ದಂಡೆಯ ಒಂದು ಊರು. ವರ್ಷಕ್ಕೊಮ್ಮೆ ಸಮುದ್ರ ಒಂದು ಪ್ರಾಣಿಯಂತೆ ಎದ್ದುಬಂದು ಒಂದೊಂದು ಬೀದಿಯನ್ನು ನುಂಗುತ್ತದೆ. ಹದಿನಾಲ್ಕು ವರ್ಷದ ಒಬ್ಬ ಹುಡುಗಿ ಗಾಳಿಯಲ್ಲಿ ಹಾರುವ ದೋಣಿಯೊಂದನ್ನು ನಡೆಸುವುದು ಕಲಿಯುತ್ತಾಳೆ. ಜೊತೆಗೆ ಮೂವರು ಗೆಳೆಯರು. ಕೊನೆಯ ಕಂತಿನಲ್ಲಿ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಬಿದ್ದುಹೋದ ಮೇಲೆ ಅವಳೊಬ್ಬಳೇ ಚುಕ್ಕಾಣಿಯನ್ನು ಎರಡೂ ತೋಳಿನಲ್ಲಿ ತಬ್ಬಿ ಹಿಡಿದು ಬಿರುಗಾಳಿಯ ಹೊಟ್ಟೆಯೊಳಗೆ ನುಗ್ಗುತ್ತಾಳೆ. ಸಮುದ್ರ ಹಿಂದೆ ಸರಿಯುತ್ತದೆ. ಊರು ಉಳಿಯುತ್ತದೆ. ಅಂದು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದಂತೆ ಅತ್ತಿದ್ದೆವು. ಅದೇ ವರ್ಷ ಮಳೆಗಾಲದಲ್ಲಿ ಗೆಳತಿಯ ತಾಯಿ ಕಾಯಿಲೆಯಿಂದ ತೀರಿಕೊಂಡರು.

ಹೋದ ವರ್ಷ ಅದರ ಎರಡನೆಯ ಭಾಗ ಬಂತು. ಹಳೆಯ ಅಭಿಮಾನಿಗಳದೊಂದು ವಾಟ್ಸಾಪ್ ಗುಂಪಿದೆ. ವಾಡಿಯಲ್ಲಿ ರೈಲ್ವೆ ಕೆಲಸದಲ್ಲಿರುವ ಒಬ್ಬರು ಅದನ್ನು ನಡೆಸುತ್ತಾರೆ. ಅಲ್ಲಿ ಒಂದು ವಾರ ಹಬ್ಬದಂತಿತ್ತು. ಮೊದಲ ಎರಡು ಕಂತು ಬಂದ ಮೇಲೆ ಗುಂಪು ಸಾವಿನ ಮನೆಯಾಯಿತು.

ಯಾಕೆಂದರೆ ಹುಡುಗಿ ಈಗ ನಡುವಯಸ್ಸಿನ ಹೆಂಗಸು. ಅಂದು ಚುಕ್ಕಾಣಿ ಹಿಡಿದ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ಅವಳು ಉಳಿಸಿದ ಊರನ್ನು ಸಮುದ್ರ ಆಮೇಲೆ ಅಬ್ಬರವಿಲ್ಲದೆ, ವರ್ಷಕ್ಕಿಷ್ಟೆಂದು ತಿಂದುಹಾಕಿದೆ. ಜನ ಗಂಟುಮೂಟೆ ಕಟ್ಟಿಕೊಂಡು ಒಳನಾಡಿಗೆ ಹೋಗಿದ್ದಾರೆ. ದೋಣಿಗಳು ಹಾರುವುದು ನಿಂತಿದೆ. ಅವಳು ಯಾವುದೋ ನದಿಯಲ್ಲಿ ಜನರನ್ನು, ಆಡುಗಳನ್ನು, ಸೈಕಲ್ಲುಗಳನ್ನು ಈ ದಂಡೆಯಿಂದ ಆ ದಂಡೆಗೆ ದಾಟಿಸುತ್ತಾಳೆ. ನಾಲ್ಕು ಕಂತು ಕಳೆದರೂ ಒಂದು ಹೊಡೆದಾಟವಿಲ್ಲ.

ಎಲ್ಲರೂ ಬೈದರು. ನಿದ್ದೆ ಬರುತ್ತದೆ ಎಂದರು, ದುಡ್ಡಿನ ಆಸೆಗೆ ತೆಗೆದಿದ್ದಾರೆ ಎಂದರು, ನಮ್ಮ ಬಾಲ್ಯವನ್ನು ಹಾಳು ಮಾಡಿದರು ಎಂದರು. ನನ್ನ ಗೆಳತಿ ಒಂದು ಧ್ವನಿ ಸಂದೇಶ ಕಳಿಸಿದಳು. ಅವಳದು ಪಾಠ ಮಾಡಿ ಪಳಗಿದ ಗಂಟಲು. "ಇದನ್ನ ಮಾಡಿದವ್ರಿಗಿ ನಾವು ಏನ್ ಅನ್ಯಾಯ ಮಾಡಿದ್ವಿ ಅಂತ ಕೇಳಬೇಕಾಗ್ಯದ," ಅಂದಿದ್ದಳು. ಅದಕ್ಕೆ ಬಂದಷ್ಟು ಚಪ್ಪಾಳೆ ಆ ಗುಂಪಿನಲ್ಲಿ ಇನ್ಯಾವುದಕ್ಕೂ ಬಂದಿರಲಿಲ್ಲ.

ಅದರ ಕೆಳಗೆ ನಾನು ಬರೆದೆ: ನನಗೆ ಇಷ್ಟವಾಯಿತು, ಮೊದಲನೆಯದಕ್ಕಿಂತಲೂ.

ಅಷ್ಟು ಬರೆದು ಫೋನು ಪಕ್ಕಕ್ಕಿಟ್ಟು ಕೆಲಸಕ್ಕೆ ಹೋದೆ. ಮಧ್ಯಾಹ್ನ ತೆಗೆದು ನೋಡಿದರೆ ನಗುವ ಮುಖಗಳ ಸಾಲು. ಒಬ್ಬರು, ಆಸ್ಪತ್ರೆಯಲ್ಲಿದ್ದೀರಲ್ಲ, ತಲೆಯ ಡಾಕ್ಟರಿಗೆ ತೋರಿಸಿಕೊಳ್ಳಿ ಎಂದಿದ್ದರು. ಅದರಿಂದ ನನಗೇನೂ ನೋವಾಗಲಿಲ್ಲ. ಸಂಜೆ ಗೆಳತಿಯ ಫೋನು ಬಂತು. ಬೇಕಂತಲೇ ಹಾಗೆ ಬರೆದೆಯಾ ಎಂದು ಕೇಳಿದಳು. ಇಲ್ಲ, ಖರೇನೇ ಇಷ್ಟವಾಯಿತು ಎಂದೆ. ಹಾಗಾದರೆ ನೀನು ಮೊದಲನೆಯದನ್ನು ಎಂದೂ ಸರಿಯಾಗಿ ನೋಡಿಯೇ ಇಲ್ಲ ಎಂದಳು. ಆ ಮಾತು ನನಗೆ ನಟ್ಟಿತು. ನಾನೂ ಏನೋ ಅಂದೆ. ಅವಳು ಫೋನಿಟ್ಟಳು.

ಬೇಸಿಗೆ ಹಾಗೇ ಕಳೆಯಿತು. ನಾನು ಗುಂಪಿನಲ್ಲಿ ನನ್ನ ಪಕ್ಷವನ್ನು ಒಬ್ಬಳೇ ವಾದಿಸುತ್ತಾ ಹೋದೆ. ಯಾವ ದೃಶ್ಯ ಯಾಕೆ ಹಾಗಿದೆ, ನದಿಯ ನೀರನ್ನು ಎಷ್ಟು ಚೆಂದ ಬಿಡಿಸಿದ್ದಾರೆ ಎಂದೆಲ್ಲ ಬರೆದೆ. ಬರೆಯುತ್ತಾ ಬರೆಯುತ್ತಾ ನನ್ನ ವಾದಗಳು ನನಗೇ ಪೊಳ್ಳೆನಿಸುತ್ತಿದ್ದವು. ಅವು ಯಾವುವೂ ಸುಳ್ಳಲ್ಲ. ಆದರೆ ಅವಕ್ಕಾಗಿ ನಾನು ಅದನ್ನು ಮೆಚ್ಚಿರಲಿಲ್ಲ. ಯಾಕೆ ಮೆಚ್ಚಿದ್ದೆ ಎಂಬುದು ನನಗೇ ಸ್ಪಷ್ಟವಿರಲಿಲ್ಲ.

ಮೊದಲ ಮಳೆ ಬಿದ್ದು ತೊಗರಿ ಬಿತ್ತನೆ ನಡೆದಿದ್ದಾಗ ಅವಳೇ ಫೋನು ಮಾಡಿದಳು. ಹೇಗಿದ್ದೀ ಏನು ಎಂಬ ಮಾತಿಲ್ಲ. "ಐತವಾರ ಮನಿಗಿ ಬಾ. ನನ್ನ ಮುಂದ ಕುಂತು ಹೇಳು, ಏನ್ ಅದ ಅದ್ರಾಗ ಅಂತ," ಅಂದಳು.

ಭಾನುವಾರ ಬೆಳಿಗ್ಗೆ ಸೇಡಂ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೊಂದಿಸುತ್ತಿದ್ದೆ. ಅವಳ ಗಂಡ ಮಕ್ಕಳನ್ನು ಕರೆದುಕೊಂಡು ಚಿತ್ತಾಪುರದ ನೆಂಟರ ಮನೆಗೆ ಹೋಗಿದ್ದ. ಮನೆಯಲ್ಲಿ ಅವಳೂ ಅವಳ ಅತ್ತೆಯೂ ಇದ್ದರು. ಅತ್ತೆ ಆಗಷ್ಟೇ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಂತೆಯೇ ಬಂದು, "ಬಾ ಯವ್ವಾ, ಕುಂದ್ರು. ಭಾಳ ದಿನಕ್ಕ ಬಂದಿ," ಎಂದರು. ನಮ್ಮ ಜಗಳ ಅವರಿಗೆ ಗೊತ್ತಿತ್ತೋ ಇಲ್ಲವೋ. ರೊಟ್ಟಿ ಉಂಡಾದ ಮೇಲೆ ಗೆಳತಿ ಟಿವಿ ಹಚ್ಚಿ ಎರಡನೆಯ ಭಾಗದ ಮೊದಲ ಕಂತು ಹಾಕಿದಳು. ಅತ್ತೆಯೂ ಅಲ್ಲೇ ಗೋಡೆಗೆ ಒರಗಿ ಕುಳಿತು ಶೇಂಗಾ ಸುಲಿಯತೊಡಗಿದರು.

ಅವರು ಮೊದಲ ಭಾಗವನ್ನು ನೋಡಿದವರಲ್ಲ. ಹೀಗಾಗಿ ನಮಗೆ ಇದ್ದ ಸಂಕಟ ಅವರಿಗಿರಲಿಲ್ಲ. ದೋಣಿ ನಡೆಸುವ ಹೆಂಗಸನ್ನು ದೋಣಿ ನಡೆಸುವ ಹೆಂಗಸೆಂದೇ ನೋಡಿದರು. ಹಿಂದಿ ಪೂರ್ತಿ ತಿಳಿಯದ ಕಡೆ ಸೊಸೆಯನ್ನು ಕೇಳುತ್ತಿದ್ದರು. ಈಕೆ ಒಂದೇ ಕೈಯಲ್ಲಿ ಯಾಕೆ ಹುಟ್ಟು ಹಾಕುತ್ತಾಳೆ ಎಂದು ಕೇಳಿದಾಗ ಗೆಳತಿ ಟಿವಿ ನಿಲ್ಲಿಸಿ ಮೊದಲ ಭಾಗದ ಕಥೆ ಹೇಳಿದಳು. ಕೊನೆಯ ಬಿರುಗಾಳಿಗೆ ಬಂದಾಗ ಎದ್ದು ನಿಂತೇ ಹೇಳಿದಳು. ನಾನು ಅವಳನ್ನೇ ನೋಡುತ್ತಿದ್ದೆ. ಅಷ್ಟು ಪ್ರೀತಿಯಿಂದ ಆ ಕಥೆಯನ್ನು ಹೇಳಬಲ್ಲವರು ಇನ್ನೊಬ್ಬರಿಲ್ಲ. ಅದನ್ನು ನಾನು ಸರಿಯಾಗಿ ನೋಡಿಲ್ಲ ಎಂದು ಅವಳಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿರಲಿಲ್ಲ.

ಮೂರನೆಯ ಕಂತಿನಲ್ಲಿ ಒಂದು ಚಿಕ್ಕ ದೃಶ್ಯವಿದೆ. ದೋಣಿ ಹತ್ತಿದ ಒಬ್ಬ ಮುದುಕ ಆ ಹೆಂಗಸನ್ನು ದಿಟ್ಟಿಸಿ ನೋಡಿ, ನೀನು ಆ ಹುಡುಗಿಯಲ್ಲವೇ, ಬಿರುಗಾಳಿಯನ್ನು ನಿಲ್ಲಿಸಿದವಳು, ಎನ್ನುತ್ತಾನೆ. ಅವಳು, ಹೌದು, ಕೂತುಕೊಳ್ಳಿ, ದೋಣಿ ಅಲುಗಾಡುತ್ತದೆ, ಎನ್ನುತ್ತಾಳೆ. ಅಷ್ಟೇ. ಗುಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೈಸಿಕೊಂಡ ದೃಶ್ಯ ಅದು. ಗೆಳತಿ ಅಲ್ಲೇ ನಿಲ್ಲಿಸಿದಳು.

"ಇಲ್ಲಿ ಹೇಳು," ಅಂದಳು. "ಇದ್ರಾಗ ಏನ್ ಅದ?"

ಬಸ್ಸಿನಲ್ಲಿ ಹೊಂದಿಸಿಕೊಂಡದ್ದೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ನನ್ನ ಅಜ್ಜನ ಮಾತು.

ಅಜ್ಜ ಕಾಗಿಣಾ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ಒಂದು ಸಲ ಹೊಳೆ ಉಕ್ಕಿ ಬಂದಾಗ ಆಚೆ ದಂಡೆಯ ಹೊಲದಲ್ಲಿ ಸಿಕ್ಕಿಬಿದ್ದವರನ್ನು ರಾತ್ರಿಯಿಡೀ ದಾಟಿಸಿದ್ದನಂತೆ. ನಮ್ಮ ಮನೆತನದಲ್ಲಿ ಅದೊಂದೇ ಕಥೆ. ಮದುವೆಗೆ ಹೋದರೂ ಮಣ್ಣಿಗೆ ಹೋದರೂ ಯಾರಾದರೊಬ್ಬರು ಅದನ್ನು ತೆಗೆಯುತ್ತಿದ್ದರು. ಆಮೇಲೆ ಸೇತುವೆ ಬಂತು, ಹರಿಗೋಲಿನ ಕೆಲಸ ಮುಗಿಯಿತು. ಅಜ್ಜ ಭಂಕೂರ ರಸ್ತೆಯ ಒಂದು ಕಲ್ಲಿನ ಅಡ್ಡೆಯಲ್ಲಿ ಕಾವಲುಗಾರನಾದ. ನಾನು ಕಂಡ ಅಜ್ಜ ಅವನೇ. ಮೈಮೇಲೆ ಕಲ್ಲಿನ ಧೂಳು, ಕೈಯಲ್ಲಿ ಒಂದು ಸೀಟಿ. ಒಮ್ಮೆ ನಾನು ಬುತ್ತಿ ಕೊಡಲು ಹೋದಾಗ ಕಲ್ಲು ಒಯ್ಯಲು ಬಂದಿದ್ದ ವಯಸ್ಸಾದವರೊಬ್ಬರು ಅವನನ್ನು ಗುರುತು ಹಿಡಿದು, ಆ ಹೊಳಿ ಬಂದಾಗ ಮಂದೀನ ದಾಟಿಸಿದಂವ ನೀನೇ ಅಲ್ಲೇನು ಎಂದು ಕೇಳಿದರು. ಅಜ್ಜ ಕೈ ಮುಗಿದು, "ಹೌದ್ರಿ. ಲಾರಿ ಹೊಳ್ಳಸ್ಲಿಕತ್ಯಾರ, ಈ ಕಡಿ ಸರೀರಿ," ಅಂದ.

ನನಗೆ ಅಂದು ಬಹಳ ನಿರಾಸೆಯಾಗಿತ್ತು. ಅವನು ಕಥೆ ಹೇಳುತ್ತಾನೆಂದು ಕಾದಿದ್ದೆ. ಆ ಒಂದು ರಾತ್ರಿಯ ಅಜ್ಜನ ಬಗ್ಗೆ ಎಲ್ಲರೂ ಮಾತಾಡುತ್ತಿದ್ದರು. ಅದರ ನಂತರ ಅವನು ಬದುಕಿದ ಅಷ್ಟೂ ವರ್ಷಗಳ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಆ ವರ್ಷಗಳನ್ನು ಯಾರೋ ಕೂತು ಬಿಡಿಸಿ ತೋರಿಸಿದ್ದಾರೆ ಎನ್ನಿಸಿತು, ಅದಕ್ಕೇ ಇಷ್ಟವಾಯಿತು ಎಂದು ಹೇಳಿದೆ. ಹೇಳುತ್ತಿದ್ದಾಗಲೇ ನನಗೂ ಅದು ಗೊತ್ತಾಗುತ್ತಿತ್ತು.

ಗೆಳತಿ ರಿಮೋಟು ಕೆಳಗಿಟ್ಟಳು. ನಾನು ಗೆದ್ದೆ ಎಂದುಕೊಂಡೆ.

"ನಿಮ್ಮ ಮುತ್ಯಾಂದು ಬದುಕು. ಅದು ಹಂಗ ಆತು, ಯಾರೂ ಮಾಡಿದ್ದಲ್ಲ," ಅಂದಳು. "ಇದನ್ನ ಒಬ್ಬವ ಕುಂತು ಬರದಾನ. ಊರು ಉಳಿಸ್ಬಹುದಿತ್ತು. ಉಳಿಸ್ಲಿಲ್ಲ. ನಮ್ಮವ್ವ ಹೋದಾಗ ನಂಗ ಏನ್ ಇತ್ತು? ಆ ಊರು ಉಳೀತು ಅನ್ನೂದೊಂದು ಇತ್ತು. ಏನೋ ಒಂದು ಉಳೀತದ ಅಂತ ದಿನಾ ಮಲಗೂ ಮುಂದ ನೆನಸ್ತಿದ್ದೆ. ಈಗ ಬಂದು ಅದೂ ಉಳೀಲಿಲ್ಲ ಅಂತಾರ."

ಅವಳ ತಾಯಿ ಸತ್ತ ದಿನಗಳಲ್ಲಿ ನಾನು ಅವಳ ಮನೆಯಲ್ಲೇ ಇರುತ್ತಿದ್ದೆ. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಆದರೂ ಇದು ನನಗೆ ತಿಳಿದಿರಲಿಲ್ಲ. ಬದುಕು ಹಾಗೆ ನಡೆಯುತ್ತದೆ ಎನ್ನುವುದು, ಕಥೆ ಹಾಗೆ ನಡೆಯಬೇಕು ಎನ್ನುವುದಕ್ಕೆ ಸಾಕಾಗುವ ಕಾರಣವಲ್ಲ.

ಅತ್ತೆ ಶೇಂಗಾ ಸಿಪ್ಪೆಯನ್ನು ಪೇಪರಿಗೆ ಸರಿಸುತ್ತಾ, "ನಿಮ್ಮ ಮಾತು ಆಮ್ಯಾಲ ಆಡ್ರೆವ್ವಾ. ಆಕಿ ದ್ವಾಣಿ ಆ ಕಡಿ ಮುಟ್ತೋ ಇಲ್ಲೋ ನೋಡೂಣು," ಎಂದರು. ಗೆಳತಿ ರಿಮೋಟು ಒತ್ತಿದಳು. ದೋಣಿ ಮುಟ್ಟಿತು. ಮುದುಕ ಇಳಿದುಹೋದ. ಅವನು ಇನ್ನೊಮ್ಮೆ ಹೊರಳಿ ನೋಡಬೇಕಿತ್ತು ಎಂದು ಅತ್ತೆ ಅಂದರು.

ಸಂಜೆಯವರೆಗೆ ನೋಡಿದೆವು. ಏಳನೆಯ ಕಂತಿನಲ್ಲಿ ಎಲ್ಲಿಂದಲೋ ಒಬ್ಬ ಹುಡುಗ ಬರುತ್ತಾನೆ, ಅವನ ಕೈಯಿಂದ ಬೆಳಕು ಹೊರಡುತ್ತದೆ, ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಕೆಡುತ್ತದೆ. ಚಿತ್ರಗಳು ಕೂಡ ಗಡಿಬಿಡಿಯಲ್ಲಿ ಬಿಡಿಸಿದಂತಿವೆ. ನಾನು ಗುಂಪಿನಲ್ಲಿ ಇದನ್ನೂ ಸಮರ್ಥಿಸಿದ್ದೆ. ಈಗ ಅವಳ ಪಕ್ಕದಲ್ಲಿ ಕುಳಿತಾಗ ಸಮರ್ಥಿಸಲು ಆಗಲಿಲ್ಲ. ಇದು ಖರೇನೇ ಕೆಟ್ಟದ್ದು ಎಂದೆ. ಅವಳು ನಗತೊಡಗಿದಳು, ನಾನೂ ನಕ್ಕೆ. ಮಾತು ಬಿಟ್ಟಿದ್ದ ಬೇಸಿಗೆಯ ಭಾರ ಅಲ್ಲಿಗೆ ಇಳಿಯಿತು.

ಬಸ್ ನಿಲ್ದಾಣದವರೆಗೆ ಜೊತೆಗೆ ಬಂದಳು. ತನಗೆ ಈಗಲೂ ಎರಡನೆಯ ಭಾಗ ಸೇರಿಲ್ಲ, ಸೇರುವುದೂ ಇಲ್ಲ ಎಂದಳು. ಸೇರಬೇಕೆಂದು ನಾನು ಹೇಳಲಿಲ್ಲ. ಮೊದಲನೆಯದಕ್ಕಿಂತ ಎಂದು ಬರೆದದ್ದು ಜಾಸ್ತಿಯಾಯಿತು ಎಂದು ಮಾತ್ರ ಹೇಳಿದೆ. ಹೋಲಿಸುವ ಅಗತ್ಯವೇ ಇರಲಿಲ್ಲ. ಮೊದಲನೆಯದು ಗೆಲ್ಲಬೇಕಾದವರಿಗೆ ಬೇಕು. ಗೆದ್ದು ಮುಗಿದ ಮೇಲೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವವರಿಗೆ ಎರಡನೆಯದು. ಒಬ್ಬರೇ ಒಮ್ಮೊಮ್ಮೆ ಅವರೂ ಆಗುತ್ತಾರೆ, ಇವರೂ ಆಗುತ್ತಾರೆ.

ಬಸ್ಸು ಚಿಂಚೋಳಿ ದಾರಿ ಹಿಡಿದ ಮೇಲೆ ಅವಳ ಮಾತೇ ನನ್ನ ಜೊತೆ ಬಂತು. ಒಬ್ಬವ ಕುಂತು ಬರದಾನ. ಕಥೆಯಿಂದ ಬಲ ಪಡೆದವರ ಕೈಯಿಂದ ಅದನ್ನು ಕಿತ್ತುಕೊಳ್ಳುವ ಹಕ್ಕು ಬರೆದವನಿಗಿದೆಯೇ? ಇದೆ ಎಂದು ನಾನು ಇಂದಿಗೂ ನಂಬುತ್ತೇನೆ. ಆದರೆ ಕಳೆದುಕೊಂಡವರು ಸಿಟ್ಟಾದಾಗ ಅವರಿಗೆ ಕಥೆ ತಿಳಿಯಲಿಲ್ಲ ಎಂದು ಈಗ ಹೇಳುವುದಿಲ್ಲ.

ಉಳಿದ ಕಂತುಗಳನ್ನು ಗೆಳತಿ ಅತ್ತೆಯ ಒತ್ತಾಯಕ್ಕೆ ನೋಡಿ ಮುಗಿಸಿದಳಂತೆ. ಅತ್ತೆಗೆ ಆ ಬೆಳಕಿನ ಹುಡುಗ ಕೂಡ ಇಷ್ಟವಾದನಂತೆ, ಅದನ್ನು ಅವಳು ಬಹಳ ಬೇಸರದಿಂದ ಹೇಳಿದಳು. ಶ್ರಾವಣದ ಹೊತ್ತಿಗೆ ಗುಂಪಿಗೆ ಹೊಸದಾಗಿ ಸೇರಿದ ಯಾರೋ, ಎರಡನೆಯ ಭಾಗ ಒಂದೇ ಕಂತಿಗೆ ಬಿಟ್ಟೆ, ಅಂಥ ಕಸ ಇನ್ನೊಂದಿಲ್ಲ ಎಂದು ಬರೆದಿದ್ದರು. ನಾನು ಉತ್ತರಿಸಬೇಕೆಂದು ಫೋನು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಗೆಳತಿ ಬರೆದಿದ್ದಳು: ಪೂರಾ ನೋಡ್ರಿ, ಆಮ್ಯಾಲ ಬೈರಿ, ನಾನೂ ನಿಮ್ಮ ಸಂಗಟ ಬೈತೀನಿ.

ನಾನು ಫೋನು ಕೆಳಗಿಟ್ಟೆ.