‘ನಕ್ಕೋ’ ಯಾರಪ್ಪನ ಮನೆ ಮಾತು?

ಗೆಳೆಯರೇ, ಇವತ್ತು ಆಫೀಸಿನಲ್ಲಿ ಡಬ್ಬಿ ಬಿಚ್ಚುವ ಹೊತ್ತಿಗೆ ಮಹಾಯುದ್ಧ. ಹೈದರಾಬಾದಿನಲ್ಲಿ ಬೇಡ ಎನ್ನಲು ಎಲ್ಲರೂ ಹೇಳುವ ‘ನಕ್ಕೋ’ ಯಾರ ಮಾತು?

“ನಮ್ಮ ಮರಾಠಿಯ ನಕೋ ಅದು” ಎಂದಳು ಲಾತೂರಿನ ಮನೀಷಾ.

“ಬಾತಾಂ ನಕ್ಕೋ ಕರೋ, ಹಮಾರಾ ದಖ್ಖನಿ ಹೈ” ಎಂದ ಹೈದರಾಬಾದಿನ ಹಳೇ ಪೇಟೆಯ ಇಮ್ರಾನ್, ಅಂದರೆ ಸುಮ್ಮನೆ ಮಾತು ಬೇಡ, ಅದು ನಮ್ಮ ದಖ್ಖನಿ ಅಂತ.

“ಬೀದರ ಸಂತ್ಯಾಗ ನಮ್ಮವ್ವ ದಿನಾ ಅಂತಾಳ, ನಮ್ದೂ ಐತಿ” ಎಂದು ನಾನೂ ದನಿ ಏರಿಸಿದೆ.

ಅಷ್ಟರಲ್ಲಿ ದಿಲ್ಲಿಯಿಂದ ಹೊಸದಾಗಿ ಬಂದಿರುವ ಮ್ಯಾನೇಜರ್, “ಕೋಡ್ ಮುಗಿದಿಲ್ಲ, ನಾಳೆ ಶನಿವಾರ ಮೂವರೂ ಬನ್ನಿ” ಎಂದರು.

“ನಕ್ಕೋ ಸಾರ್!” ಎಂದೆವು, ಮೂವರೂ ಒಟ್ಟಿಗೆ.

ಅರ್ಥ ಕೇಳಿದರು. ಮನೀಷಾ ‘ಬೇಡ’ ಎಂದಳು, ಇಮ್ರಾನ್ ‘ಕರೀಬೇಡಿ’ ಎಂದ, ನಾನು ‘ಸಾಕ್ರಿ’ ಎಂದೆ.

“ನೀವು ಮೂವರು ಒಂದಾಗಿದ್ದೇ ಇವತ್ತು. ಹೋಗಲಿ, ಸೋಮವಾರ ಮುಗಿಸಿ” ಎಂದರು.

ಸದ್ಯ, ಬದುಕಿದೆವು! ಮಾತು ಯಾರದೋ ಇನ್ನೂ ತೀರ್ಮಾನವಾಗಿಲ್ಲ. ಶನಿವಾರ ಮಾತ್ರ ಮೂವರದೂ.