ಕಮಿಷನರಮ್ಮ ನೀರು ಕುಡಿಯಲಿಲ್ಲ

ನಾನು ವಕೀಲಿಕೆಗೆ ಸೇರಿದ ಆಫೀಸು ಹಾಸನದ್ದು. ಚನ್ನರಾಯಪಟ್ಟಣದಲ್ಲಿ ಅದಕ್ಕೊಂದು ಬ್ರಾಂಚು ಇತ್ತು. ನಾನು ಕೂರುತ್ತಿದ್ದದ್ದು ಅಲ್ಲಿ, ಕೋರ್ಟಿಗೆ ಹತ್ತಿರ, ಒಂದು ಬೇಕರಿಯ ಮಹಡಿಯ ಮೇಲೆ. ಜೂನಿಯರ್‌ಗಳಲ್ಲಿ ಹೆಂಗಸು ನಾನೊಬ್ಬಳೇ, ಮುಸ್ಲಿಮಳೂ ನಾನೊಬ್ಬಳೇ. ಎರಡು ಕೊರತೆಯನ್ನು ಒಂದೇ ಸಂಬಳದಲ್ಲಿ ನೀಗಿಸಿಕೊಂಡೆ ಎಂದು ನಮ್ಮ ಸೀನಿಯರ್ ಆಗಾಗ ತಮಾಷೆ ಮಾಡುತ್ತಿದ್ದರು. ಆ ಸಂಬಳ ಎಷ್ಟೆಂದು ಗೊತ್ತಿದ್ದವರು ಯಾರೂ ನಗುತ್ತಿರಲಿಲ್ಲ.

ಮೆಟ್ಟಿಲು ಹತ್ತಿ ಬಂದ ಕಕ್ಷಿದಾರರು ಬಾಗಿಲಲ್ಲಿ ನಿಂತು, "ಲಾಯರ್ರು ಇಲ್ವೇನಮ್ಮ?" ಎನ್ನುತ್ತಿದ್ದರು. "ನಾನೇ ಲಾಯರು, ಹೇಳಿ" ಎಂದರೆ ನನ್ನ ಹಿಂದಿನ ಗೋಡೆಯನ್ನೊಮ್ಮೆ ನೋಡಿ, "ಆಯ್ತು, ಅವ್ರು ಬರಗಂಟ ಕೂತಿರ್ತೀವಿ" ಎಂದು ಬೆಂಚಿನ ಮೇಲೆ ಕೂರುತ್ತಿದ್ದರು. ತಲೆಗೆ ದುಪಟ್ಟಾ ಹೊದ್ದ ಹೆಂಗಸು ಬಂದರೆ ಮಾತ್ರ ನಮ್ಮ ಗುಮಾಸ್ತರು ಏನೂ ಕೇಳದೆ ನನ್ನ ಮೇಜಿಗೆ ಕಳಿಸುತ್ತಿದ್ದರು. ಉರ್ದುವಿನಲ್ಲಿ ಯಾವ ಕಾಗದ ಬಂದರೂ ಅದೂ ನನ್ನ ಮೇಜಿಗೇ. ನಾನು ಅರಕಲಗೂಡಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ಮನೆಯಲ್ಲಿ ಉರ್ದು ಮಾತಾಡುತ್ತೇವೆ, ನಿಜ. ಹಳೆಯ ಕೈಬರಹ ಓದಲು ಬರುವುದಿಲ್ಲ. ಹಾಗೆಂದು ಹೇಳಿದರೆ ಸೀನಿಯರ್, "ಸಂಕೋಚ ಪಡಬೇಡಮ್ಮ" ಎನ್ನುತ್ತಿದ್ದರು. ಕೊನೆಗೆ ಆ ಕಾಗದಗಳನ್ನು ಊರಿಗೆ ಒಯ್ದು ಮಸೀದಿಯ ಹಜರತರಿಂದ ಓದಿಸಿ, ಕನ್ನಡದಲ್ಲಿ ಬರೆದು ತರುತ್ತಿದ್ದೆ. ಹಜರತರು ಓದಿದ್ದು ಎಂದು ಹೇಳಿದರೂ ಸೀನಿಯರ್ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಕೆಟ್ಟವರಲ್ಲ ಅವರು. ದಿನವೂ ವಿಭೂತಿ ಧರಿಸಿ ಬರುವ, ಇರುವೆಗೂ ಬೈಯದ ಮನುಷ್ಯ. ಆದರೆ ಕಕ್ಷಿದಾರರೆಂದರೆ ಅವರಿಗೆ ಬಹಳ ಭಯ. ನನ್ನನ್ನು ಯಾರಿಗೂ ಹೆಸರು ಹೇಳಿ ಪರಿಚಯಿಸುತ್ತಿರಲಿಲ್ಲ. "ಇವರು ನಮ್ ಜೂನಿಯರ್ ಮೇಡಂ" ಎಂದು ಬೇಗ ಮುಂದಿನ ಮಾತಿಗೆ ಹಾರುತ್ತಿದ್ದರು. ನನ್ನನ್ನು ಕಾಪಾಡುತ್ತಿದ್ದೇನೆಂದು ಅವರು ತಿಳಿದಿದ್ದರು. ಜಮೀನಿನ ಫೈಲು ಕೇಳಿದರೆ, "ಅದು ಗಂಡಸರ ಜಗಳ ಕಣಮ್ಮ, ಬಾಯಿಗೆ ಬಂದಂಗೆ ಮಾತಾಡ್ತಾರೆ" ಎನ್ನುತ್ತಿದ್ದರು. ಜೀವನಾಂಶದ ಕೇಸುಗಳಲ್ಲಿ ನಾನು ಕೇಳುತ್ತಿದ್ದ ಮಾತುಗಳ ಮುಂದೆ ಅದೆಲ್ಲ ಭಜನೆ ಎಂದು ಅವರಿಗೆ ಹೇಗೆ ತಿಳಿಸುವುದು?

ಹೀಗಿರುವಾಗ ಒಂದು ಬೆಳಿಗ್ಗೆ ಕೋರ್ಟಿನಲ್ಲಿ ದಂಡಿಗನಹಳ್ಳಿ ಕಡೆಯ ಒಂದು ದಾರಿಯ ಕೇಸು ಬಂತು. ದಾಯಾದಿಗಳು, ಅಣ್ಣ ತಮ್ಮ. ಇಬ್ಬರ ಅಪ್ಪಂದಿರು ಒಡಹುಟ್ಟಿದವರು. ಇಬ್ಬರ ಹೊಲಗಳ ನಡುವಿನ ಬದುವಿನ ಪಕ್ಕದಲ್ಲಿ ನನಗೆ ಬಂಡಿ ದಾರಿ ಇದೆ ಎಂದು ಅಣ್ಣ ದಾವೆ ಹಾಕಿದ್ದ. ದಾರಿಯೇ ಇಲ್ಲ ಎಂದು ತಮ್ಮ ಹೇಳುತ್ತಿದ್ದ. ಸ್ಥಳ ನೋಡಿ ವರದಿ ಕೊಡಲು ಒಬ್ಬ ವಕೀಲರನ್ನು ಕೋರ್ಟ್ ಕಮಿಷನರ್ ಆಗಿ ಕಳಿಸಬೇಕಿತ್ತು. ಜಡ್ಜ್ ಒಬ್ಬರ ಹೆಸರು ಹೇಳಿದರು. "ಅವರು ವಾದಿಯ ಅಕ್ಕನ ಮಗನಿಗೆ ಷಡ್ಡಕ" ಎಂದು ಆ ಕಡೆಯವರು ಎದ್ದರು. ಇನ್ನೊಬ್ಬರ ಹೆಸರು ಹೇಳಿದರು. "ಅವರ ತೋಟ ಪ್ರತಿವಾದಿ ತೋಟದ ಪಕ್ಕದಲ್ಲೇ ಇದೆ" ಎಂದು ಈ ಕಡೆಯವರು ಎದ್ದರು. ಮೂರನೆಯವರದು ಬೀಗತನ. ನಾಲ್ಕನೆಯವರದು ಒಂದೇ ಮನೆದೇವರು. ಬೇಸತ್ತ ಜಡ್ಜ್ ಕನ್ನಡಕ ತೆಗೆದು ಹಾಲ್ ತುಂಬ ಕಣ್ಣಾಡಿಸಿದರು. ಅವರ ಕಣ್ಣು ಹಿಂದಿನ ಕುರ್ಚಿಯಲ್ಲಿದ್ದ ನನ್ನ ಮೇಲೆ ನಿಂತಿತು.

"ಈ ಮೇಡಂ ಬಗ್ಗೆ ಯಾರಿಗಾದರೂ ತಕರಾರಿದೆಯೇ?"

ಇಬ್ಬರು ವಕೀಲರೂ ತಿರುಗಿ ನೋಡಿದರು, ಯೋಚಿಸಿದರು. ಅಷ್ಟು ದೊಡ್ಡ ಹಾಲ್‌ನಲ್ಲಿ ಯಾರಿಗೂ ಯಾವ ರೀತಿಯಲ್ಲೂ ನೆಂಟಳಾಗಲು ಸಾಧ್ಯವಿಲ್ಲದವಳು ನಾನೊಬ್ಬಳೇ ಇದ್ದೆ. ತಕರಾರಿಲ್ಲ ಎಂದರು.

ಆಫೀಸಿಗೆ ಬಂದು ಹೇಳಿದಾಗ ಸೀನಿಯರ್ ಮುಖದಲ್ಲಿ ಸಂತೋಷಕ್ಕಿಂತ ಚಿಂತೆಯೇ ಜಾಸ್ತಿ ಕಂಡಿತು. "ರಂಜಾನ್ ಬೇರೆ ನಡೀತಿದೆ. ಬಿಸಿಲು ಹಿಂಗಿದೆ. ಡೇಟ್ ಮುಂದಕ್ಕೆ ಹಾಕಿಸೋಣ್ವಾ?"

"ಬೇಡ ಸರ್. ಇದೊಂದು ಹೆಂಗೋ ಸಿಕ್ಕಿದೆ, ಮುಂದಕ್ಕೆ ಹೋದ್ರೆ ನನ್ನ ಬಿಟ್ಟು ಹೋಗುತ್ತೆ."

"ಸರಿ. ಒಂದು ಮಾತು ನೆನಪಿಟ್ಟುಕೋ. ಅಲ್ಲಿ ಯಾರ ಹತ್ರಾನೂ ಒಂದು ತೊಟ್ಟು ನೀರು ಕುಡೀಬೇಡ. ಈ ಕಡೆಯೋರ ನೀರು ಕುಡಿದ್ರೆ ಆ ಕಡೆಯೋರು ಅಬ್ಜೆಕ್ಷನ್ ಹಾಕ್ತಾರೆ."

"ಆ ವಿಷಯದಲ್ಲಿ ನೀವು ಚಿಂತೆ ಮಾಡಬೇಡಿ ಸರ್," ಎಂದೆ.

"ಮತ್ತೆ... ಉಪವಾಸ, ರೋಜಾ ಗೀಜಾ ಅಂತ ಹೇಳೋಕ್ ಹೋಗಬೇಡ. ರೂಲ್ಸ್ ಇಲ್ಲ ಅನ್ನು, ಸಾಕು."

ಆ ಮಾತು ಚುಚ್ಚಿತು. ಆದರೂ ತಲೆಯಾಡಿಸಿದೆ. ಹಿಂದೊಮ್ಮೆ ಅವರ ಜೊತೆ ಒಬ್ಬ ಕಕ್ಷಿದಾರರ ಮನೆಗೆ ಹೋಗಿದ್ದಾಗ ಎಲ್ಲರಿಗೂ ಒಂದೇ ತಟ್ಟೆಯಲ್ಲಿ ಕಾಫಿ ಬಂತು. ಯಾರೋ ನನ್ನ ಹೆಸರು ಕೇಳಿದರು, ಹೇಳಿದೆ. ಹೊರಡುವಾಗ ನೋಡಿದರೆ ನನ್ನ ಲೋಟ ಮಾತ್ರ ಹಿತ್ತಲಿನ ನಲ್ಲಿಯ ಕೆಳಗೆ ಒಂಟಿಯಾಗಿ ಕೂತಿತ್ತು. ಸೀನಿಯರ್ ಕೂಡ ಅದನ್ನು ನೋಡಿದ್ದರು.

ಸ್ಥಳ ನೋಡುವ ದಿನ ಬಿಳಿ ಸೀರೆ ಉಟ್ಟು, ಕರಿ ಕೋಟು ತೊಟ್ಟು ಆ ದಾಯಾದಿಗಳ ಊರಿನಲ್ಲಿ ಇಳಿದೆ. ಚೀಲದಲ್ಲಿ ನೀರಿನ ಬಾಟಲಿ, ಒಂದು ಡಬ್ಬಿ ಖರ್ಜೂರ. ಹೊಲದ ಬಳಿ ಮದುವೆಯ ಮನೆಯ ಸಡಗರ. ದಾರಿಯ ಆ ಕಡೆ ಅಣ್ಣನವರು ಒಂದು ಕುರ್ಚಿ ಹಾಕಿ ಎಳನೀರಿನ ಗೊನೆ ಇಳಿಸಿದ್ದರು. ಈ ಕಡೆ ತಮ್ಮನವರು ಒಂದು ಕುರ್ಚಿ ಹಾಕಿ ಅದರ ಮೇಲೆ ಹೊಸ ಟರ್ಕಿ ಟವಲ್ ಹಾಸಿ ಮಜ್ಜಿಗೆ ಕೊಡ ಇಟ್ಟಿದ್ದರು. ನಾನು ಎರಡೂ ಕುರ್ಚಿಗಳಿಗೆ ಕೈ ಮುಗಿದು ಮಧ್ಯದಲ್ಲಿ ನಿಂತೆ. ಹನ್ನೊಂದಕ್ಕೆ ಬರಬೇಕಿದ್ದ ಸರ್ವೇಯರ್ ಫೋನಿನಲ್ಲಿ "ಹೊರಟೆ ಮೇಡಂ" ಎಂದವರು ಬಂದದ್ದು ಮೂರು ಗಂಟೆ ಕಳೆದ ಮೇಲೆ.

"ಎಳ್ನೀರು ತಕಳಿ ಮೇಡಂ, ಈಗ್ತಾನೆ ಕೆಡವಿದ್ದು" ಎಂದು ಅಣ್ಣ ಬಂದ.

"ಬೇಡ, ರೂಲ್ಸ್ ಇಲ್ಲ."

ತಮ್ಮನ ಮುಖ ಅರಳಿತು. ಓಡಿ ಬಂದು, "ಒಳ್ಳೇ ಕೆಲ್ಸ ಮಾಡುದ್ರಿ ಬುಡಿ. ನಮ್ದು ಮನೆ ಮಜ್ಜಿಗೆ, ಕುಡೀರಿ" ಎಂದ.

"ಅದೂ ಬೇಡ."

ಅರಳಿದ ಮುಖ ಬಾಡಿತು. ಬಿಸಿಲು ಏರಿದಂತೆ ಎರಡೂ ಕಡೆ ಪಿಸುಮಾತೂ ಏರಿತು. ನನ್ನ ಬೆನ್ನ ಹಿಂದೆಯೇ ಯಾರೋ, "ನೀರೂ ಬ್ಯಾಡ ಅಂತಾರೆ ಅಂದ್ರೆ ಆ ಕಡೆ ಆಗ್ಲೇ ಊಟ ಆಗದೆ ಕಣ್ಲಾ" ಎಂದದ್ದು ಕೇಳಿಸಿತು. ಆಮೇಲೆ ಒಬ್ಬ ಹಿರಿಯರು ಹತ್ತಿರ ಬಂದು ವಿಚಾರಣೆ ಶುರು ಮಾಡಿದರು.

"ಯಾವೂರಾಯ್ತು ಮೇಡಮ್ಮೋರದು?"

"ಅರಕಲಗೂಡು."

"ಅರಕಲಗೂಡ್ನಲ್ಲಿ ಯಾರ ಪೈಕಿ?"

"ಕೋರ್ಟ್ ಪೈಕಿ," ಎಂದೆ.

ಅವರು ಗಂಭೀರವಾಗಿ ಹಿಂದಿರುಗಿ ತಮ್ಮವರಿಗೆ ವರದಿ ಒಪ್ಪಿಸಿದರು: "ಪೂಜಾರಿ ಮನೆ ಹೆಣ್ಮಗ ಇರಬೇಕು ಕಣ್ರಪ್ಪ. ಮಡಿ ಭಾಳ. ನಮ್ಮ ನೀರು ಆಗಕಿಲ್ಲ ಅಂತ ಕಾಣ್ತದೆ."

ನನಗೆ ನಗು ತಡೆಯಲಾಗದೆ ಫೈಲನ್ನು ಮುಖಕ್ಕೆ ಅಡ್ಡ ಹಿಡಿದೆ. ನನ್ನ ಲೋಟವನ್ನು ನಲ್ಲಿಯ ಕೆಳಗಿಟ್ಟವರನ್ನು ಕಂಡಿದ್ದೆ. ನಾನು ಲೋಟ ಮುಟ್ಟಲಿಲ್ಲವೆಂದು ಮನಸ್ಸಿಗೆ ನೋವು ಮಾಡಿಕೊಂಡವರನ್ನು ಕಂಡದ್ದು ಅದೇ ಮೊದಲು. ತಮ್ಮನಂತೂ ಬಂದು, "ಸ್ನಾನ ಮಾಡೇ ಮಜ್ಜಿಗೆ ಕಡೆದಿರೋದು ಮೇಡಂ" ಎಂದು ಹೇಳಿ ಹೋದ.

ಸರ್ವೇಯರ್ ಬಂದ ಮೇಲೆ ಅಳತೆ ಶುರುವಾಯಿತು. ಅಣ್ಣ ದಾರಿ ಎಂದು ತೋರಿಸಿದ ಜಾಗದಲ್ಲಿ ಬದನೆ ಸಸಿಗಳಿದ್ದವು. ಬುಡದಲ್ಲಿ ಮಣ್ಣು ಇನ್ನೂ ಹಸಿ. ಎಲೆಗಳು ನನ್ನ ಹಾಗೆಯೇ ಬಿಸಿಲಿಗೆ ತಲೆ ಕೆಳಗೆ ಹಾಕಿದ್ದವು.

"ಇಲ್ಲಿ ಎಷ್ಟು ಕಾಲದಿಂದ ಬದನೆ ಬೆಳೀತಿದ್ದೀರಿ?" ಎಂದು ತಮ್ಮನನ್ನು ಕೇಳಿದೆ.

"ನಮ್ ತಾತನ ಕಾಲದಿಂದ್ಲೂ ಮೇಡಂ."

"ಇದೇ ಸಸಿಗಳಾ?"

ಸರ್ವೇಯರ್ ಕೆಮ್ಮಿದರು. ತಮ್ಮ ಆಕಾಶ ನೋಡಿದ. ಸಸಿ ಕಂಡಂತೆ ಬರೆದುಕೊಂಡೆ. ಅಣ್ಣ ಹೇಳಿದಷ್ಟು ಅಗಲವೂ ದಾರಿ ಇರಲಿಲ್ಲ, ಅದನ್ನೂ ಬರೆದುಕೊಂಡೆ. ಬದುವಿನ ಮೇಲೆ ಎರಡು ಸಲ ಬಿದ್ದೆ. ಅದನ್ನು ಬರೆದುಕೊಳ್ಳಲಿಲ್ಲ.

ಅಷ್ಟೂ ಹೊತ್ತು ಒಬ್ಬ ಅಜ್ಜಿ ಚಾಪೆ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಹಿಂದೆಯೇ ತಿರುಗುತ್ತಿತ್ತು. ಅಣ್ಣನ ತಾಯಿ, ತಮ್ಮನಿಗೆ ದೊಡ್ಡಮ್ಮ. ಹೊತ್ತು ಇಳಿಯುತ್ತಿದ್ದಂತೆ ನಾನು ಸಮಯ ನೋಡಲು ಮತ್ತೆ ಮತ್ತೆ ಫೋನ್ ತೆಗೆಯುತ್ತಿದ್ದೆ. ಅಜ್ಜಿ ಹತ್ತಿರ ಬಂದು ನನ್ನ ಒಣಗಿದ ತುಟಿ ನೋಡಿ ಮೆಲ್ಲಗೆ ಕೇಳಿತು: "ಯಾಕವ್ವ, ಗಳಿಗೆಗೊಂದು ಸಲ ಫೋನ್ ನೋಡ್ತೀಯ. ರೋಜಾನಾ?"

ನಾನು ಬೆಚ್ಚಿಬಿದ್ದೆ. ಹೌದೆಂದೆ. ಅಜ್ಜಿಯ ತವರು ಹೊಳೆನರಸೀಪುರವಂತೆ. ಪಕ್ಕದ ಮನೆ ಸಾಬರ ಪೈಕಿ ಟೈಲರ್ ಒಬ್ಬರದು, ರಂಜಾನಿನಲ್ಲಿ ಆ ಮನೆಯ ಗಂಜಿ ಕುಡಿದೇ ಬೆಳೆದದ್ದಂತೆ. ನನಗೆ ಇಷ್ಟು ಹೇಳಿ, ಆಮೇಲೆ ಇಡೀ ಹೊಲಕ್ಕೆ ಕೇಳುವಂತೆ ಕೂಗಿತು: "ಲೋ, ನಿಮ್ ಬಾಯಿಗೆ ಮಣ್ಣಾಕ! ಈ ಮಗ ಬೆಳಿಗ್ಗಿಂದ ರೋಜಾ ಅದೆ ಕಣ್ರುಲಾ! ಎಳ್ನೀರು ಕುಡಿ, ಮಜ್ಜಿಗೆ ಕುಡಿ ಅಂತ ಸಾಯಿಸ್ತಾ ಇದ್ದೀರಲ್ಲ!"

ಅಣ್ಣ ಕಣ್ಣರಳಿಸಿ, "ಸಾಬ್ರಾ ನೀವು?" ಎಂದ. ಹೌದೆಂದೆ. ಸೀನಿಯರ್ ಹೆದರಿದ್ದ ಗಳಿಗೆ ಇದೇ ಇರಬೇಕು ಅಂದುಕೊಂಡೆ.

ಆಮೇಲೆ ಬಾಯಿ ಬಿಟ್ಟವನು ತಮ್ಮ. "ಅಂಗಾರೆ ಆ ಕಡೆ ನೀವು ಊಟ ಮಾಡಿಲ್ವಾ?"

"ಎಲ್ಲೂ ಮಾಡಿಲ್ಲ."

"ಅಯ್ಯಪ್ಪಾ!" ಎಂದು ಅವನು ಎದೆ ಮುಟ್ಟಿಕೊಂಡು ಕೂತೇಬಿಟ್ಟ. ಅಣ್ಣನೂ ದೊಡ್ಡದಾಗಿ ಉಸಿರು ಬಿಟ್ಟ. ಬೆಳಿಗ್ಗೆಯಿಂದ ಇಬ್ಬರಿಗೂ ಇದ್ದದ್ದು ಅದೊಂದೇ ಚಿಂತೆ. ನಾನು ಯಾವ ಜಾತಿ ಎನ್ನುವುದು ಅದರ ಮುಂದೆ ಏನೂ ಅಲ್ಲ. ಆಮೇಲೆ ಹೊಸ ಪೈಪೋಟಿ ಶುರುವಾಯಿತು. ಅಣ್ಣನ ಕಡೆಯ ಒಬ್ಬರು ಪಟ್ಟಣದಿಂದ ಸಮೋಸ ತರುತ್ತೇನೆಂದು ಮೊಪೆಡ್ ಹತ್ತಿದರು. ತಮ್ಮ, "ನಮ್ ಕಡೆ ಬನ್ನಿ ಮೇಡಂ, ನೆಳ್ಳದೆ" ಎಂದ. "ನೆಳ್ಳು ಈಗ ಎಲ್ಲಾ ಕಡೆ ಅದೆ ಕಣಲೇ, ಹೊತ್ತು ಮುಳುಗ್ತಾ ಅದೆ" ಎಂದ ಅಣ್ಣ.

"ನನ್ನ ನೀರು, ನನ್ನ ಖರ್ಜೂರ, ಇಲ್ಲೇ ಬದುವಿನ ಮೇಲೆ," ಎಂದು ತೀರ್ಪು ಕೊಟ್ಟೆ. ಅಜ್ಜಿ ಚಾಪೆ ಬಿಡಿಸಿ ಹಾಸಿತು. ಕಾಲು ಸೋತಿತ್ತು, ಕೂತೆ. ಸಮಯವಾದಾಗ ದುವಾ ಹೇಳಿಕೊಂಡು ಖರ್ಜೂರ ತಿಂದು ಬಾಟಲಿ ಎತ್ತಿದೆ. ಎರಡೂ ಪಕ್ಷದವರು ಎರಡು ಸಾಲಾಗಿ ನಿಂತು, ನೀರು ನನ್ನ ಗಂಟಲಿನಲ್ಲಿ ಇಳಿಯುವುದನ್ನು ಪರಿಶೀಲಿಸಿದರು. ಅಷ್ಟು ಜನ ಸಾಕ್ಷಿಗಳ ಮುಂದೆ ನಾನು ಯಾವತ್ತೂ ನೀರು ಕುಡಿದಿರಲಿಲ್ಲ. ಡಬ್ಬಿಯಲ್ಲಿ ಉಳಿದ ಖರ್ಜೂರವನ್ನು ಎರಡೂ ಕಡೆಗೆ ಸಮನಾಗಿ ಹಂಚಿ, ಸರ್ವೇಯರ್ ಬೈಕಿನಲ್ಲಿ ಪಟ್ಟಣಕ್ಕೆ ಬಂದೆ.

ವರದಿ ಸಲ್ಲಿಸಿದೆ. ಬದನೆ ಸಸಿಯ ವಿಷಯ ಓದಿ ಪ್ರತಿವಾದಿಯ ವಕೀಲರು ಆಕ್ಷೇಪಣೆ ಹಾಕಿ, ನನ್ನನ್ನೇ ಸಾಕ್ಷಿ ಕಟ್ಟೆ ಹತ್ತಿಸಿದರು. ಸೀನಿಯರ್ ಹಾಸನದಿಂದ ಬೇರೆ ಕೆಲಸವಿದ್ದಂತೆ ಬಂದು ಹಿಂದಿನ ಸಾಲಿನಲ್ಲಿ ಕೂತು ಉಗುರು ಕಚ್ಚುತ್ತಿದ್ದರು.

"ನಿಮ್ಮದು ಕೃಷಿ ಕುಟುಂಬವೇ?" ಎಂದು ವಕೀಲರು ಶುರು ಮಾಡಿದರು.

"ಅಲ್ಲ. ನಮ್ಮ ತಂದೆ ವಾಚ್ ರಿಪೇರಿ ಮಾಡ್ತಾರೆ."

"ಹಾಗಾದರೆ ಬದುವಿಗೂ ದಾರಿಗೂ ವ್ಯತ್ಯಾಸ ನಿಮಗೆ ಹೇಗೆ ಗೊತ್ತಾಯಿತು?"

"ದಾರಿಯಲ್ಲಿ ನಡೆದೆ ಸರ್. ಬದುವಿನ ಮೇಲೆ ಎರಡು ಸಲ ಬಿದ್ದೆ."

ಜಡ್ಜ್ ತಲೆ ತಗ್ಗಿಸಿ ಏನೋ ಬರೆದುಕೊಳ್ಳುವವರಂತೆ ಮಾಡಿದರು. ವಕೀಲರು ದನಿ ಏರಿಸಿದರು.

"ನೀವು ಸಂಜೆ ಉಪವಾಸ ಬಿಡುವಾಗ ವಾದಿಯವರ ಚಾಪೆಯ ಮೇಲೆ ಕೂತಿದ್ದು ನಿಜ ತಾನೇ? ಅಂದರೆ ಅವರ ಉಪಚಾರ ಪಡೆದಿರಿ."

"ಚಾಪೆ ಹಾಸಿದವರು ವಾದಿಯ ತಾಯಿ. ಚಾಪೆ ಯಾರದೆಂದು ನಾನು ಕೇಳಲಿಲ್ಲ."

"ನೀವು ಕೂತ ಜಾಗ ಯಾರದು?"

"ಅದನ್ನ ತೀರ್ಮಾನ ಮಾಡೋಕೇ ಅಲ್ವಾ ಸರ್ ಈ ಕೇಸು?"

ಹಾಲ್‌ನಲ್ಲಿ ನಗು ಎದ್ದಿತು. ಆ ಗದ್ದಲದಲ್ಲೇ ಬಾಗಿಲ ಕಡೆಯಿಂದ ತಮ್ಮನತ್ತ ಕೈ ತೋರಿಸುತ್ತ ಅಜ್ಜಿ ಕೂಗಿತು: "ಸ್ವಾಮಿ, ಆ ಚಾಪೆ ನಮ್ಮದಲ್ಲ ಕಣ್ರಪ್ಪ! ನನ್ ಮೈದುನ ತಂದುಕೊಟ್ಟಿದ್ದು, ಇವನಪ್ಪ! ಇವನ ಚಾಪೆ ಮ್ಯಾಲೇ ಇವನು ತಕರಾರು ಹಾಕವ್ನೆ, ನೋಡಿ!"

ಜಡ್ಜ್ ಅಜ್ಜಿಯನ್ನು ಹೊರಗೆ ಕೂರಿಸಲು ಹೇಳಿದರು, ಆದರೆ ಅವರ ಭುಜ ಕುಲುಕುತ್ತಿತ್ತು. ಪ್ರತಿವಾದಿಯ ವಕೀಲರು "ಬೇರೆ ಪ್ರಶ್ನೆ ಇಲ್ಲ" ಎಂದು ಕೂತರು. ನನ್ನ ವರದಿಯನ್ನು ಕೋರ್ಟು ಒಪ್ಪಿತು. ಕೇಸು ಮಾತ್ರ ಈಗಲೂ ನಡೆಯುತ್ತಿದೆ.

ಮರುದಿನ ಆಫೀಸಿಗೆ ಬಂದ ಕಕ್ಷಿದಾರರಿಗೆ ಸೀನಿಯರ್ ನನ್ನ ಪೂರ್ತಿ ಹೆಸರು ಹೇಳಿ ಪರಿಚಯಿಸಿದರು. ಹೇಳಿ, ಬಂದವರ ಮುಖವನ್ನೇ ನೋಡಿದರು. ಬಂದವರು "ಓ, ಬದನೆ ಸಸಿ ಮೇಡಂ!" ಎಂದರು. ಆ ವಾರ ಜಮೀನಿನ ಎರಡು ಫೈಲು ನನ್ನ ಮೇಜಿಗೆ ಬಂದವು. ಉರ್ದು ಕಾಗದಗಳೂ ನಿಲ್ಲಲಿಲ್ಲ.

ಅರಕಲಗೂಡು, ಹೊಳೆನರಸೀಪುರದ ಕೋರ್ಟುಗಳಿಂದಲೂ ಕಮಿಷನ್ ಕೆಲಸ ಸಿಗತೊಡಗಿತು. ನನಗಿಂತ ಮೊದಲೇ ನನ್ನ ಸುದ್ದಿ ಆ ಊರುಗಳಿಗೆ ಮುಟ್ಟುತ್ತಿತ್ತು. ಕಳೆದ ಬೇಸಿಗೆಯಲ್ಲಿ ರಾಮನಾಥಪುರದ ಹತ್ತಿರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಒಂದನ್ನು ನೋಡಲು ಹೋಗಿದ್ದೆ. ಅದರ ಹೊಗೆಯ ಮೇಲೆ ಪಕ್ಕದ ಮನೆಯವರು ದಾವೆ ಹಾಕಿದ್ದರು. ರಂಜಾನ್ ಮುಗಿದು ಬಹಳ ದಿನವಾಗಿತ್ತು. ಮಧ್ಯಾಹ್ನದವರೆಗೂ ಯಾರೊಬ್ಬರೂ ಒಂದು ಲೋಟ ನೀರು ಬೇಕೇ ಎನ್ನಲಿಲ್ಲ. ಬಾಟಲಿ ಖಾಲಿಯಾಗಿ ಕಣ್ಣು ಕತ್ತಲೆ ಬರುವಂತಾದಾಗ ನಾನೇ ಪಕ್ಕದ ಮನೆಯಾಕೆಯನ್ನು ಕೇಳಿದೆ.

ಆಕೆ ಗಾಬರಿಯಾದಳು. "ನೀವು ನೀರು ಕುಡಿಯಕಿಲ್ಲವಂತಲ್ಲ ಮೇಡಂ?"

"ಕುಡೀತೀನಿ ತಾಯಿ, ಕೊಡಿ."

ಆಕೆ ಕೊಟ್ಟ ಚೊಂಬನ್ನು ಎತ್ತಿ ಗಟಗಟ ಕುಡಿದೆ. ಇನ್ನೊಂದು ಚೊಂಬು ಕೇಳಿದೆ. ಅಷ್ಟರಲ್ಲಿ ಬ್ಯಾರನ್ನಿನ ಯಜಮಾನರು ಓಡಿ ಬಂದು, ನನ್ನನ್ನೂ ಚೊಂಬನ್ನೂ ಆ ಮನೆಯಾಕೆಯನ್ನೂ ಒಂದೊಂದಾಗಿ ನೋಡಿ, ಹಣೆಗೆ ಕೈ ಹಚ್ಚಿಕೊಂಡರು.

"ಅಂಗಾರೆ ನಮ್ ಕೇಸು ಓಯ್ತಾ ಮೇಡಂ?"