ಅಣ್ಣ ತುಂಬಿಸಿದ ತೋಟಾ

ಅಣ್ಣನ ಬಲಗೈ ಹೆಬ್ಬೆರಳ ತುದಿ ಗಾಜಿನ ಹಾಗೆ ನುಣ್ಣಗಿತ್ತು. ಮದ್ದು ತುಂಬಿಸಿದ ಪ್ರತಿಯೊಂದು ತೋಟಾದ ಬುಡವನ್ನೂ ಆ ಬೆರಳಿನಿಂದ ಸವರಿ ನೋಡುತ್ತಿದ್ದ. ಅಲ್ಲಿ ಕೂರಿಸಿದ, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಒಂದು ಕೂದಲಿನಷ್ಟು ಮೇಲೆ ಎದ್ದಿದ್ದರೂ ಆ ತೋಟಾ ಪಕ್ಕಕ್ಕೆ. ಸವರಿ ಸವರಿ ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ರೆಸಿಡೆಂಟ್ ಕಾರ್ಡ್ ಮಾಡಿಸಲು ಹೋದಾಗ ಮೆಷಿನ್ ಅವನ ಹೆಬ್ಬೆಟ್ಟನ್ನು ಹಿಡಿಯಲೇ ಇಲ್ಲ.

ಗಲ್ಫಿನ ಇಬ್ರಿ ಎಂಬ ಊರಿನ ಹೊರಗಿನ ಒಂದು ಖಾಸಗಿ ಶೂಟಿಂಗ್ ಕ್ಲಬ್ಬಿನಲ್ಲಿ, ಮ್ಯಾಗ್ನಮ್ ರಿವಾಲ್ವರಿನ ಖಾಲಿ ತೋಟಾಗಳನ್ನು ಮತ್ತೆ ತುಂಬಿಸುವುದು ಅವನ ಕೆಲಸ. ಅವುಗಳನ್ನು ಹೆಕ್ಕಿ ತೊಳೆಯುವುದು ನನ್ನ ಕೆಲಸ. ನನ್ನನ್ನು ಇಲ್ಲಿಗೆ ಕರೆಸಿಕೊಂಡವನೂ ಅವನೇ. ನಾನು ಏಳನೇ ಕ್ಲಾಸು, ಅವನು ಐದು. ಪುತ್ತೂರಿನ ಒಂದು ಕೋವಿ ರಿಪೇರಿ ಅಂಗಡಿಯೇ ಅವನ ಶಾಲೆ.

ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ, ಒಂದೇ ಪ್ರೈಮರ್ ಪೆಟ್ಟಿಗೆ. ಎರಡನೆಯದು ಕಂಡರೆ ಬೈಯುತ್ತಿದ್ದ. ಡಬ್ಬಿ ತೆರೆದ ಕೂಡಲೇ ಮೂಸಿ ನೋಡುವನು. ಹುಳಿ ವಾಸನೆ ಬಂದರೆ ಮದ್ದು ಕೆಟ್ಟಿದೆ ಎಂದರ್ಥ; ಅದನ್ನು ಹೊರಗಿನ ಕಾಗದದ ಹೂವಿನ ಗಿಡದ ಬುಡಕ್ಕೆ ಚೆಲ್ಲಿಬಿಡುವನು. "ಈ ಮದ್ದು ನಿಧಾನಕ್ಕೆ ಉರಿಯುವಂಥದ್ದು ಮಾರಾಯ. ಇದಕ್ಕೆ ಮ್ಯಾಗ್ನಮ್ ಪ್ರೈಮರೇ ಬೇಕು. ಸಾದಾ ಪ್ರೈಮರ್ ಹಾಕಿದರೆ ಹಸಿ ಸೌದೆಗೆ ಒಂದೇ ಕಡ್ಡಿ ಗೀರಿದ ಹಾಗೆ," ಎನ್ನುತ್ತಿದ್ದ. ಎರಡೂ ಪ್ರೈಮರ್ ಒಂದೇ ಗಾತ್ರ. ಪೆಟ್ಟಿಗೆಯಿಂದ ಹೊರಗೆ ಬಂದರೆ ಯಾವುದು ಯಾವುದೆಂದು ಅಣ್ಣನ ಬೆರಳಿಗೂ ತಿಳಿಯುತ್ತಿರಲಿಲ್ಲ.

ನಮ್ಮ ಸೂಪರ್‌ವೈಸರ್ ಮೈಸೂರಿನ ಕಡೆಯವರು, ಓದಿದವರು. ಒಂದು ದಿನ ಕ್ಲಬ್ಬಿನ ಮೆಂಬರುಗಳ ಎದುರಿಗೆ, ಡಬ್ಬಿ ಮೂಸುತ್ತಿದ್ದ ಅಣ್ಣನನ್ನು ತೋರಿಸಿ, "ನೋಡ್ರಿ, ಲೇಬಲ್ ಓದೋಕೆ ಬರಲ್ಲ, ಮೂಸ್ತಾನೆ. ನಮ್ಮನೆ ನಾಯೀನೂ ಮೂಸುತ್ತೆ, ಅದಕ್ಕೂ ವೀಸಾ ಮಾಡಿಸ್ಲಾ?" ಎಂದರು. ಎಲ್ಲರೂ ನಕ್ಕರು. ಅಣ್ಣ ಮುಚ್ಚಳ ತಿರುಗಿಸುತ್ತ, "ಮಾಡಿಸಿ ಸಾರ್, ನನಗೂ ಒಬ್ಬ ಜೊತೆಗಾರ ಆಯ್ತು," ಎಂದ. ನನಗೆ ಮಾತ್ರ ಆ ನಗು ವಾರಗಟ್ಟಲೆ ಕಿವಿಯಲ್ಲಿ ಉಳಿಯಿತು.

ಒಂದು ಶುಕ್ರವಾರ ಸೂಪರ್‌ವೈಸರ್ ಅತಿಥಿಗಳ ಮುಂದೆ ಗುಂಡು ಹೊಡೆದು ತೋರಿಸುವವರಿದ್ದರು. ಅವರಿಗಾಗಿ ಅಣ್ಣ ತೋಟಾ ತುಂಬಿಸುವ ಮೊದಲೇ ನಾನು ಮ್ಯಾಗ್ನಮ್ ಪ್ರೈಮರಿನ ಪೆಟ್ಟಿಗೆ ಖಾಲಿ ಮಾಡಿ, ಅದರೊಳಗೆ ಸಾದಾ ಪ್ರೈಮರ್ ಇಟ್ಟೆ. ರಿವಾಲ್ವರ್ ಟುಸ್ ಎನ್ನಬೇಕು, ಆ ಮನುಷ್ಯನನ್ನು ನೋಡಿ ಜನ ನಗಬೇಕು. ನನಗೆ ಬೇಕಾದದ್ದು ಅಷ್ಟೇ.

ಟುಸ್ ಎಂದಿತು. ಜನ ನಕ್ಕರು. ಹಿಂದೆ ನಿಂತು ನಾನೂ ನಕ್ಕೆ.

ಅಣ್ಣ ನಗಲಿಲ್ಲ. "ತಡೀರಿ ಸಾರ್! ಗುಂಡು ನಳಿಗೆಯೊಳಗೇ ನಿಂತಿದೆ!" ಎಂದು ಕೂಗುತ್ತ ಅವರ ತೋಳು ಹಿಡಿದ.

"ಬಿಡಯ್ಯಾ ಕೈ!"

ಕೆಂಪಾದ ಮುಖದಲ್ಲಿ ಸೂಪರ್‌ವೈಸರ್ ಕೊಸರಿಕೊಂಡು ಮತ್ತೆ ಟ್ರಿಗರ್ ಎಳೆಯಹೋದರು. ಅಣ್ಣ ತಡೆಯಲು ರಿವಾಲ್ವರಿಗೇ ಎಡಗೈ ಹಾಕಿದ. ಈ ಸಲ ಮದ್ದು ಹೊತ್ತಿಕೊಂಡಿತು; ಎರಡನೆಯ ಗುಂಡು ಒಳಗೆ ನಿಂತಿದ್ದಕ್ಕೆ ಬಡಿದು ನಳಿಗೆ ಸೀಳಿತು. ಸೂಪರ್‌ವೈಸರಿಗೆ ಒಂದು ಗೀರೂ ಇಲ್ಲ. ಅಣ್ಣನ ಎರಡು ಬೆರಳು ಹೋದವು.

ಆಸ್ಪತ್ರೆಯಲ್ಲಿ ಬ್ಯಾಂಡೇಜ್ ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಕೇಳಿದ. "ನಾನು ಮ್ಯಾಗ್ನಮ್ ಪೆಟ್ಟಿಗೆಯಿಂದಲೇ ತೆಗೆದದ್ದು. ತೆಗೆದೆ ಅಂತಲೇ ನೆನಪು. ನೀನು ಎಂತಾದರೂ ಮುಟ್ಟಿದ್ದೆಯಾ?"

"ಇಲ್ಲಣ್ಣ."

ನನ್ನ ಮುಖವನ್ನೇ ನೋಡಿದ. ನಂಬಿದ. "ಹಾಗಾದರೆ ತಪ್ಪು ನನ್ನದೇ."

ತುಂಬಿಸಿದವನ ನಿರ್ಲಕ್ಷ್ಯ ಎಂದು ಸೂಪರ್‌ವೈಸರ್ ರಿಪೋರ್ಟ್ ಬರೆದರು. ತಡೀರಿ ಎಂದು ಅಣ್ಣ ಕೂಗಿದ್ದು ಅದರಲ್ಲಿ ಇರಲಿಲ್ಲ. ಅಣ್ಣ ಸಹಿ ಹಾಕಿದ, ಊರಿಗೆ ಹೋದ. ಅವನ ಮೇಜಿಗೆ ನನ್ನನ್ನು ಕೂರಿಸಿದರು. ನಾನು ಕೂತೆ.

ಊರಿನಲ್ಲಿ ಅವನು ಮತ್ತೆ ಕೋವಿ ಮುಟ್ಟಲಿಲ್ಲವಂತೆ. ಚಹಾ ಮಾಡಿದರೂ ಅತ್ತಿಗೆಯನ್ನು ಕರೆದು, "ಇದು ಸಕ್ಕರೆಯಾ ಉಪ್ಪಾ, ನೀನೇ ನೋಡು" ಎನ್ನುತ್ತಿದ್ದನಂತೆ. ಮಾತ್ರೆಯ ಹೆಸರನ್ನು ಮೂರು ಸಲ ಓದಿಸಿ ಆಮೇಲೆ ನುಂಗುತ್ತಿದ್ದನಂತೆ. ಪ್ರತಿ ರಜೆಯಲ್ಲೂ ಹೇಳಬೇಕು ಎಂದುಕೊಂಡೇ ವಿಮಾನ ಹತ್ತುತ್ತಿದ್ದೆ. ಹೇಳದೆ ವಾಪಸು ಬರುತ್ತಿದ್ದೆ. ಹೋದ ತಿಂಗಳು ಹೃದಯ ನಿಂತು ಅಣ್ಣ ತೀರಿಕೊಂಡ.

ಊರಿನಲ್ಲಿ ಮಣ್ಣು ಮಾಡಿ, ಇಲ್ಲಿ ವಿಮಾನ ಇಳಿದವನು ನೇರ ಅಲ್ ಮಬೇಲಾ ಎಂಬ ಬಡಾವಣೆಗೆ ಹೋದೆ. ನಿವೃತ್ತಿಯಾದ ಸೂಪರ್‌ವೈಸರ್ ಈಗ ಮಗನ ಜೊತೆ ಅಲ್ಲಿದ್ದಾರೆ. ಬಾಗಿಲಲ್ಲೇ ನಿಂತು ನಾನು ಮಾಡಿದ್ದನ್ನು ಹೇಳಿದೆ. "ನನ್ನದನ್ನು ನಾನು ಬರೆದು ಕೊಡುತ್ತೇನೆ ಸಾರ್. ನಿಮ್ಮದನ್ನು ನೀವು ಬರೀರಿ."

"ಎಷ್ಟು ವರ್ಷ ಆಯ್ತಪ್ಪಾ, ಖಲಾಸ್ ಅದೆಲ್ಲ. ನಿನ್ನ ಕೆಲಸಾನೂ ಹೋಗುತ್ತೆ, ಯೋಚನೆ ಮಾಡು."

"ಹೋಗಲಿ. ನಿಮ್ಮದನ್ನೂ ನಾನೇ ಬರೆಯುತ್ತೇನೆ, ಹಾಗಾದರೆ."

ಒಳಗಿನಿಂದ ಮಗ "ಯಾರಪ್ಪಾ?" ಎಂದು ಕೇಳಿದ. ಸೂಪರ್‌ವೈಸರ್ ಮಗನಿಗೆ ಕೇಳಿಸಬಾರದೆಂದು ಬರಿಗಾಲಿನಲ್ಲೇ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಅದನ್ನು ನೋಡಿ ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಮರುದಿನ ಎಲ್ಲವನ್ನೂ ಬರೆದು ಕ್ಲಬ್ಬಿನ ಯಜಮಾನರ ಕೈಗೆ ಕೊಟ್ಟೆ. ಮೊದಲು ನನ್ನ ಹೆಸರು, ಆಮೇಲೆ ಸೂಪರ್‌ವೈಸರ್ ಹೆಸರು. ಅಣ್ಣ ತುಂಬಿಸಿದ್ದರಲ್ಲಿ ತಪ್ಪಿರಲಿಲ್ಲ ಎಂದು ಎರಡು ಸಲ ಬರೆದಿದ್ದೆ. ಆಮೇಲೆ ಅತ್ತಿಗೆಗೆ ಫೋನ್ ಮಾಡಿ ಅಷ್ಟನ್ನೂ ಓದಿ ಹೇಳಿದೆ.

ಓದಿ ಮುಗಿದ ಮೇಲೆ ಅವರು ಕೇಳಿದರು.

"ಒಂದು ತಿಂಗಳ ಮೊದಲು ಹೇಳಬಾರದಿತ್ತಾ?"